ಏಳು ಗಂಟೆಯ ಗೀರು

ಫೆಬ್ರವರಿಯ ಎರಡನೇ ಶನಿವಾರ ಬೆಳಗ್ಗೆ ಆರೂವರೆಗೆ ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ನರಸಿಂಹರಾಜಪುರದ ಬಸ್ಸು ಹತ್ತಿದೆ. ಕೈಚೀಲದಲ್ಲಿ ಒಂದು ಜೊತೆ ಬಟ್ಟೆ, ಒಂದು ಭೂತಗನ್ನಡಿ, ಅಂಗೈಯಗಲದ ತಕ್ಕಡಿ, ಮತ್ತು ಹಳೇ ಕುಂಕುಮದ ಡಬ್ಬಿಯೊಳಗೆ ಹತ್ತಿಯ ಮೇಲೆ ಮಲಗಿಸಿದ ನನ್ನ ಅಜ್ಜಿಯ ಬೆಳ್ಳಿ ರೂಪಾಯಿ. ಸರ್ಕಾರಿ ಬಸ್ಸಾದ್ದರಿಂದ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ಕಂಡಕ್ಟರ್ ಹರಿದುಕೊಟ್ಟ ಸೊನ್ನೆ ರೂಪಾಯಿಯ ಚೀಟಿಯನ್ನು ಮಡಚಿ ಪರ್ಸಿಗೆ ಹಾಕಿಕೊಂಡೆ. ಇತ್ತೀಚೆಗೆ ನನ್ನ ಕೈಗೆ ಬಂದ ವಸ್ತುಗಳಲ್ಲಿ ಬೆಲೆ ಸರಿಯಾಗಿ ಬರೆದಿದ್ದದ್ದು ಅದೊಂದೇ.

ನಾನು ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವವಳು. ಇಪ್ಪತ್ತು ವರ್ಷದಿಂದ ನಾಣ್ಯ ಸಂಗ್ರಹಿಸುತ್ತಿದ್ದೇನೆ. ಐದನೇ ಜಾರ್ಜ್ ದೊರೆಯ ಕಾಲದ ಬೆಳ್ಳಿ ರೂಪಾಯಿಗಳಿಗೆಂದೇ ಒಂದು ಆಲ್ಬಂ ಇದೆ. ಹನ್ನೆರಡು ವರ್ಷಗಳಿಗೆ ಹನ್ನೆರಡು ಗುಂಡಿ. ಹನ್ನೊಂದು ತುಂಬಿವೆ. ಮೊದಲನೆಯದೇ ಖಾಲಿ, 1911ರದು. ಆ ವರ್ಷದ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆಯಿದೆ. ಅದು ಹಂದಿಯ ಹಾಗೆ ಕಾಣುತ್ತದೆಂದು ಜನ ಸಿಟ್ಟಾದದ್ದಕ್ಕೆ ಮಾರನೇ ವರ್ಷ ಸರ್ಕಾರ ಅಚ್ಚು ಬದಲಾಯಿಸಿತು. ಹಾಗಾಗಿ ಅದು ಅಪರೂಪ, ಹಾಗಾಗಿ ಮೋಸಕ್ಕೂ ಅನುಕೂಲ.

ನಾನು ಎರಡು ಸಲ ಮೋಸಹೋಗಿದ್ದೆ. ಮೊದಲನೇ ಸಲ ಫೋನಿನಲ್ಲಿ ಫೋಟೋ ನೋಡಿ ತರಿಸಿದ್ದು ತೂಕಕ್ಕೆ ಬರಲಿಲ್ಲ, ಅಚ್ಚು ಹೊಯ್ದ ನಕಲಿ. ಎರಡನೇ ಸಲ ಬಂದದ್ದು ಅಸಲಿಯೇ, ಆದರೆ ಯಾರದೋ ಸರದಿಂದ ಕಿತ್ತು ಕೊಂಡಿಯ ಜಾಗಕ್ಕೆ ತೇಪೆ ಹಾಕಿದ್ದರು. ಎರಡನ್ನೂ ಮಾರಿದವರು ಫೋನ್ ಎತ್ತುವುದನ್ನು ನಿಲ್ಲಿಸಿದರು. ನಮ್ಮ ಮನೆಯವರು, "ಆ ಗುಂಡಿಗೆ ಒಂದು ಗುಂಡು ಬಿಸ್ಕತ್ತು ಇಟ್ಟುಬಿಡು, ಇರುವೆಗಾದರೂ ಆಗುತ್ತದೆ" ಎಂದರು. ಅವತ್ತೇ ತೀರ್ಮಾನ ಮಾಡಿದೆ. ನಾಣ್ಯ ಹೇಗಿದೆಯೋ ಹಾಗೇ ಹೇಳುವ ಒಬ್ಬ ವ್ಯಾಪಾರಿಯನ್ನು ಎದುರುಬದುರು ಕೂತು ಹುಡುಕಬೇಕು. ಸಿಕ್ಕರೆ ಅವರ ಕೈಯಿಂದಲೇ 1911 ಕೊಳ್ಳುವುದು. ಸಿಗದಿದ್ದರೆ ಆಲ್ಬಂ ಅಟ್ಟಕ್ಕೆ.

ಶಿವಮೊಗ್ಗದಲ್ಲಿ ಹಿಂದೆ ನಡೆದ ನಾಣ್ಯಗಳ ಪ್ರದರ್ಶನದಲ್ಲಿ ಯಾರೋ ಎರಡು ಅಂಗಡಿಗಳನ್ನು ಹೇಳಿದ್ದರು, ಎನ್.ಆರ್.ಪುರದಲ್ಲಿ ಒಂದು, ಕೊಪ್ಪದಲ್ಲಿ ಒಂದು. ನನ್ನ ಪರೀಕ್ಷೆ ಸರಳವಾಗಿತ್ತು. ಮೊದಲು ಅಜ್ಜಿಯ ರೂಪಾಯಿ ಕೊಟ್ಟು, ಬೇರೇನೂ ಹೇಳದೆ, "ಇದು ಹೇಗಿದೆ?" ಎಂದು ಕೇಳುವುದು. 1918ರ ಆ ನಾಣ್ಯ ಅಂಗಡಿಯ ಗಲ್ಲಾಪೆಟ್ಟಿಗೆ ಕಂಡದ್ದಲ್ಲ, ದೇವರ ಪೆಟ್ಟಿಗೆಯಲ್ಲೇ ಇದ್ದದ್ದು. ಈಗಲೂ ಬೆಳ್ಳಗೆ ಹೊಳೆಯುತ್ತದೆ. ಟಂಕಸಾಲೆಯಿಂದ ಬಂದಂತೆಯೇ ಉಳಿದ ನಾಣ್ಯಕ್ಕೆ ಸಂಗ್ರಾಹಕರು ಯು.ಎನ್.ಸಿ. ಎನ್ನುತ್ತಾರೆ. ಹಾಗೆ ಹೇಳಿದವನು ಸತ್ಯವಂತ, ಕಡಿಮೆ ಹೇಳಿದವನು ಅಗ್ಗಕ್ಕೆ ಹೊಡೆಯಲು ನೋಡುವವನು. ಇಷ್ಟು ಒಳ್ಳೆಯ ಅಳತೆಗೋಲು ಬೇರೆ ಯಾರ ಹತ್ತಿರವೂ ಇರಲಾರದೆಂದು ನನಗೆ ಜಂಬವೇ ಇತ್ತು.

ಉಂಬ್ಳೇಬೈಲು ದಾಟಿದ ಮೇಲೆ ಕಾಡು ಹಿಡಿಯಿತು. ಚಳಿ ಇನ್ನೂ ಬಿಟ್ಟಿರಲಿಲ್ಲ. ಕಿಟಕಿ ಮುಚ್ಚಲು ಹೋದರೆ ಗಾಜು ಅರ್ಧಕ್ಕೆ ಸಿಕ್ಕಿಕೊಂಡಿತು, ಸೆರಗು ತಲೆಗೆ ಸುತ್ತಿಕೊಂಡು ಕೂತೆ. ಒಂಬತ್ತಕ್ಕೆ ಮುಂಚೆಯೇ ಎನ್.ಆರ್.ಪುರ ತಲುಪಿದೆವು. ಹೋಟೆಲಿನಲ್ಲಿ ಎರಡು ಅಕ್ಕಿರೊಟ್ಟಿ, ಕಾಯಿಚಟ್ನಿ, ಒಂದು ಕಾಫಿಗೆ ಎಪ್ಪತ್ತು ರೂಪಾಯಿ ಕೊಟ್ಟೆ. ಬಿಸಿ ರೊಟ್ಟಿ ಹೊಟ್ಟೆಗೆ ಬಿದ್ದ ಮೇಲೆ ಜಗಳಕ್ಕೂ ಸಿದ್ಧವಾಗಿ ಹೊರಟೆ.

ಇಲ್ಲಿಯ ನಾಣ್ಯದ ವ್ಯಾಪಾರಿ ಯೂಸುಫ್ ಸಾಬರದು ವಾಚ್ ರಿಪೇರಿ ಅಂಗಡಿ. ಅಗಲ ಒಂದು ಬಾಗಿಲಿನಷ್ಟು. ಅರವತ್ತು ದಾಟಿದವರು, ತೆಳ್ಳಗೆ, ಒಂದು ಕಣ್ಣಿಗೆ ಕರೀ ಚೌಕಟ್ಟಿನ ಭೂತಗಾಜು ಸಿಕ್ಕಿಸಿಕೊಂಡು ಕೂತಿದ್ದರು. ಗಾಜಿನ ಪೆಟ್ಟಿಗೆಯ ಮೇಲಿನ ಸಾಲಿನಲ್ಲಿ ವಾಚಿನ ಪಟ್ಟಿ, ಬ್ಯಾಟರಿ. ಕೆಳಗಿನ ಸಾಲಿನಲ್ಲಿ ಕಾಗದದ ಪುಟ್ಟ ಲಕೋಟೆಗಳು, ಪ್ರತಿಯೊಂದರ ಮೇಲೂ ಇರುವೆ ಸಾಲಿನಂಥ ಕೈಬರಹ. ನಾನು ಕುಂಕುಮದ ಡಬ್ಬಿ ತೆರೆದು ಮುಂದೆ ಇಟ್ಟೆ.

ಅವರು ಮೊದಲು ಕೈ ಒರೆಸಿಕೊಂಡರು. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿದು, ಬಲ್ಬಿನ ಕೆಳಗೆ ಓರೆ ಮಾಡಿ, ನಿಧಾನವಾಗಿ ಒಂದು ಸುತ್ತು ತಿರುಗಿಸಿದರು.

"ಮುಂಭಾಗ, ಹನ್ನೊಂದು ಗಂಟೆಗೆ ಅಂಚಲ್ಲಿ ಸಣ್ಣ ಪೆಟ್ಟು. ಹಿಂದೆ ನಾಲ್ಕು ಗಂಟೆಗೆ ಒಂದು ಚುಕ್ಕೆ. ಸವೆತ ಕಮ್ಮಿ. ಕಿರೀಟ ಚೆನ್ನಾಗಿದೆ" ಎಂದರು.

ಗಡಿಯಾರದವರಾದ್ದರಿಂದ ಅವರಿಗೆ ನಾಣ್ಯವೂ ಒಂದು ಡಯಲ್. ದೊರೆಯ ತಲೆ ನೆಟ್ಟಗೆ ಹಿಡಿದರೆ ಮೇಲೆ ಹನ್ನೆರಡು, ಕೆಳಗೆ ಆರು. ಯಾವ ದೋಷ ಎಲ್ಲಿದೆಯೆಂದು ಗಂಟೆ ಲೆಕ್ಕದಲ್ಲಿ ಹೇಳುತ್ತಾರೆ. ಆ ಕ್ರಮ ನನಗೆ ಹಿಡಿಸಿತು. ಅಷ್ಟರಲ್ಲಿ ಅವರು ನಾಣ್ಯವನ್ನು ಡಬ್ಬಿಗೆ ಇಟ್ಟು, "ಆದ್ರೆ ತೊಳೆದದ್ದು ಮೇಡಂ" ಎಂದರು.

"ಏನು?"

"ತೊಳೆದದ್ದು. ತೊಳೆದ್ರೆ ಮೂಲ ಮೈ ಹೋಗಿರ್ತದೆ, ಅದಕ್ಕೆ ನಾನು ಯು.ಎನ್.ಸಿ. ಅಂತ ಯಾವ ಗ್ರೇಡೂ ಹೇಳೋದಿಲ್ಲ. ಹೇಳಿದ್ರೆ ಸುಳ್ಳಾಗ್ತದೆ."

ನನಗೆ ಕೆಂಡದಂಥ ಕೋಪ ಬಂತು. "ಇದು ನಮ್ಮ ಅಜ್ಜಿಯದು. ದೇವರ ಪೆಟ್ಟಿಗೆ ಬಿಟ್ಟು ಆಚೆ ಬಂದದ್ದಲ್ಲ. ನಮ್ಮ ಮನೆಯಲ್ಲಿ ಆ್ಯಸಿಡ್ಡೂ ಇರಲಿಲ್ಲ, ಎಂಥದ್ದೂ ಇರಲಿಲ್ಲ" ಎಂದೆ.

"ಆ್ಯಸಿಡ್ ಅಂತ ನಾನು ಹೇಳ್ಲಿಲ್ಲ. ತೊಳೆದದ್ದು ಅಂದೆ, ಅಷ್ಟೇ" ಎಂದು ಅವರು ಇನ್ನೂ ಮೆತ್ತಗೆ ಹೇಳಿದರು.

1911 ಇದೆಯೇ ಎಂದು ಕೇಳಿದೆ. "ಒಂದು ಇದೆ. ಆದ್ರೆ ನಿಮಗೆ ಬೇಕಾದ ಹಾಗಿಲ್ಲ. ಹನ್ನೆರಡು ಗಂಟೆಗೆ ಕೊಂಡಿ ಇತ್ತು, ತೆಗೆದಿದ್ದಾರೆ" ಎಂದರು. ತೋರಿಸಿ ಎನ್ನುವ ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ. ಡಬ್ಬಿ ಮುಚ್ಚಿ ಎದ್ದೆ. ಮೆಟ್ಟಿಲಿಳಿಯುವಾಗ ಅವರೇ ಕೂಗಿ ಹೇಳಿದರು: "ಮೇಡಂ, ತೊಳೆಯದ ನಾಣ್ಯ ಹೇಗಿರ್ತದೆ ಅಂತ ನೋಡಬೇಕಂದ್ರೆ ಶೃಂಗೇರಿ ಹತ್ತಿರದ ಬೇಗಾರಿಗೆ ಹೋಗಿ. ನಾಗವೇಣಮ್ಮ ಅಂತ ಕೇಳಿ. ಏಳು ಇದಾವೆ. ಅವರು ಮಾರೋದಿಲ್ಲ. ನೋಡಿ ಬನ್ನಿ, ಸುಮ್ನೆ."

ಹೋಗುತ್ತೇನೆ, ನೀವು ಹೇಳಿದ್ದು ತಪ್ಪೆಂದು ತೋರಿಸಲಾದರೂ ಹೋಗುತ್ತೇನೆ, ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಕೊಪ್ಪಕ್ಕೆ ಖಾಸಗಿ ಬಸ್ಸು ಸಿಕ್ಕಿತು, ನಲವತ್ತೈದು ರೂಪಾಯಿ. ದಾರಿಯುದ್ದಕ್ಕೂ ತಿರುವುಗಳು. ಮುಂದಿನ ಸೀಟಿನ ಹೆಂಗಸು ನಿಂಬೆಹಣ್ಣು ಮೂಸುತ್ತ ಕೂತಿದ್ದರು, ನಾನು ಯೂಸುಫ್ ಸಾಬರ ಮಾತನ್ನು ಮೂಸುತ್ತ ಕೂತಿದ್ದೆ. ಎಷ್ಟು ಮೂಸಿದರೂ ಅದರಲ್ಲಿ ವ್ಯಾಪಾರದ ವಾಸನೆ ಇರಲಿಲ್ಲ. ನಾಣ್ಯವನ್ನು ಕೊಡುತ್ತೀರಾ ಎಂದು ಅವರು ಕೇಳಿರಲೇ ಇಲ್ಲ. ಅದನ್ನು ನಾನು ಅಲ್ಲೇ ಗಮನಿಸಬೇಕಿತ್ತು. ಆದರೆ ಕೋಪದಲ್ಲಿರುವವಳಿಗೆ ಬೇಡದ ವಿಷಯ ಕಣ್ಣಿಗೆ ಬೀಳುವುದಿಲ್ಲ.

ಕೊಪ್ಪದ ಅಂಗಡಿಯವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬೆಳ್ಳಿ ದೀಪ, ಕಾಲುಗೆಜ್ಜೆ ಮಾರುವ ಅಂಗಡಿ. ಒಂದು ಮೂಲೆಯಲ್ಲಿ "ಹಳೇ ನಾಣ್ಯ ಕೊಳ್ಳಲಾಗುವುದು, ಮಾರಲಾಗುವುದು" ಎಂಬ ಬೋರ್ಡು. ಯಜಮಾನರು ದುಂಡಗೆ, ನಗುನಗುತ್ತ, ಕೂತ ಕೂಡಲೇ ಕಾಫಿ ಮತ್ತು ಬನ್ಸ್ ತರಿಸಿದರು. ಅಜ್ಜಿಯ ರೂಪಾಯಿಯನ್ನು ಬೆರಳುಗಳ ನಡುವೆ ಹಿಡಿದು ಒಂದು ಸಲ ನೋಡಿದರು.

"ಎಂಥ ಪೀಸು ಮೇಡಂ! ಕನ್ನಡಿ ಮಾರಾಯ್ರೆ, ಕನ್ನಡಿ! ಯು.ಎನ್.ಸಿ.ಗೆ ಒಂದು ಕೂದಲೂ ಕಮ್ಮಿ ಇಲ್ಲ."

ನನ್ನ ಎದೆ ಹೂವಿನ ಹಾಗೆ ಅರಳಿತು. ಸತ್ಯವಂತ ಸಿಕ್ಕಿದ. 1911 ಕೇಳಿದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಭದ್ರವಾಗಿದ್ದ ಒಂದನ್ನು ತಂದರು, ಅದೂ ಬೆಳ್ಳಗೆ ಹೊಳೆಯುತ್ತಿತ್ತು. ನಾನೇನೂ ಕಣ್ಣುಮುಚ್ಚಿ ಕೊಳ್ಳುವವಳಲ್ಲ. ಡಬ್ಬಿ ತೆಗೆಸಿ ತೂಗಿದೆ, ತೂಕ ಸರಿಯಿತ್ತು. ಹನ್ನೆರಡು ಗಂಟೆಯ ಜಾಗ ನೋಡಿದೆ, ಕೊಂಡಿಯ ಗುರುತಿಲ್ಲ. ಆನೆ ನೋಡಿದೆ, ಹಂದಿಯ ಹಾಗೇ ಇತ್ತು. ಕೊನೆಗೆ ಅಜ್ಜಿಯ ರೂಪಾಯಿಯ ಪಕ್ಕ ಇಟ್ಟು ಹೋಲಿಸಿದೆ. ಅದೇ ಹೊಳಪು, ಅದೇ ಬಿಳುಪು. ಇನ್ನೇನು ಸಾಕ್ಷಿ ಬೇಕು?

ಅರ್ಧ ತಿಂಗಳ ಸಂಬಳವನ್ನು ಫೋನಿನಲ್ಲಿ ಕಳಿಸುವ ಮುಂಚೆ ಒಂದು ಕೆಲಸ ಮಾಡಿದೆ, ಇವತ್ತಿಗೂ ಅದಕ್ಕೆ ನನ್ನನ್ನು ನಾನೇ ಮೆಚ್ಚಿಕೊಳ್ಳುತ್ತೇನೆ. ಬಿಲ್ಲಿನಲ್ಲಿ ಬರೆದುಕೊಡಲು ಕೇಳಿದೆ.

"ಎಂತ ಮೇಡಂ, ನಂಬಿಕೆ ಇಲ್ವಾ?"

"ನಂಬಿಕೆ ಇದೆ. ಬರೆದುಕೊಡಿ."

ಅವರು ನಗುತ್ತಲೇ ಬರೆದರು: ಯು.ಎನ್.ಸಿ., ಕೊಂಡಿ ಗುರುತಿಲ್ಲ, ತೊಳೆದಿಲ್ಲ. ಕೆಳಗೆ ಸಹಿ, ಮೊಹರು.

ಇಲ್ಲಿಗೇ ಮುಗಿದಿತ್ತು, ಮನೆಗೆ ಹೋಗಬಹುದಿತ್ತು. ಆದರೆ ಎನ್.ಆರ್.ಪುರದ ಮಾತು ಮುಳ್ಳಿನ ಹಾಗೆ ಒಳಗೇ ಇತ್ತು. ಬೇಗಾರಿನ ಏಳು ನಾಣ್ಯ ನೋಡಿ, ನನ್ನದು ಅವಕ್ಕೇನೂ ಕಡಿಮೆಯಿಲ್ಲ ಎಂದು ಖಾತ್ರಿ ಮಾಡಿಕೊಂಡು, ಹಿಂದಿರುಗುವಾಗ ಯೂಸುಫ್ ಸಾಬರ ಮುಂದೆ 1911 ಇಟ್ಟು ಮುಖ ನೋಡಬೇಕು. ಐದು ಗಂಟೆಯ ಬಸ್ಸಿಗೆ ಶೃಂಗೇರಿಗೆ ಹೋದೆ. ಹರಿಹರಪುರ ದಾಟುವಾಗ ಸಂಜೆಯ ಬಿಸಿಲು ತುಂಗೆಯ ಮೇಲೆ ಬಿದ್ದಿತ್ತು. ರಾತ್ರಿ ದೇವಸ್ಥಾನದ ಊಟ, ಯಾತ್ರಿಕರ ಕೋಣೆಯಲ್ಲಿ ನಿದ್ದೆ. ಎರಡು ರೂಪಾಯಿಗಳನ್ನೂ ದಿಂಬಿನ ಕೆಳಗಿಟ್ಟುಕೊಂಡು ಮಲಗಿದವಳಿಗೆ ಬೆಳಗ್ಗೆ ಕತ್ತು ಹಿಡಿದುಕೊಂಡಿತ್ತು.

ಭಾನುವಾರ ಎಂಟಕ್ಕೆ ಬೇಗಾರಿಗೆ ಬಸ್ಸಿರಲಿಲ್ಲ, ಆಟೋ ಮಾಡಿದೆ. ಬರಲು ಹೋಗಲು ಐನೂರು ಹೇಳಿದ ಡ್ರೈವರ್ ನಾನೂರಕ್ಕೆ ಒಪ್ಪಿದ. ಊರಿನ ಅಂಗಡಿಯಲ್ಲಿ ಹೆಸರು ಹೇಳಿದ ಕೂಡಲೇ ದಾರಿ ತೋರಿಸಿದರು. ನಾಗವೇಣಮ್ಮ ಕಣದಲ್ಲಿದ್ದರು. ಎಪ್ಪತ್ತರ ಹತ್ತಿರದ ಗಟ್ಟಿ ಹೆಂಗಸು. ಸೀರೆ ಎತ್ತಿ ಸಿಕ್ಕಿಸಿ, ಒಣಹಾಕಿದ ಕಾಫಿ ಹಣ್ಣನ್ನು ಮರದ ಹಲಗೆಯಲ್ಲಿ ಎಳೆದು ಹರಡುತ್ತಿದ್ದರು. ಯೂಸುಫ್ ಸಾಬರು ಕಳಿಸಿದರು ಎಂದದ್ದೇ ಹಲಗೆ ಕೆಳಗಿಟ್ಟರು.

"ಗಡಿಯಾರದ ಸಾಬರಾ? ಬನ್ನಿ, ಒಳಗೆ ಬನ್ನಿ. ಬಿಸಿಲಿಗೆ ಎಂತಕ್ಕೆ ನಿಂತದ್ದು?"

ಬೆಲ್ಲದ ಕಾಫಿ, ಹಲಸಿನ ಹಪ್ಪಳ ಬಂದವು. ಆಮೇಲೆ ಒಳಗಿಂದ ಒಂದು ತಗಡಿನ ಪೆಟ್ಟಿಗೆ ತಂದು, ಅದರಿಂದ ಒಂದು ಹಮ್ಮಿಣಿ ತೆಗೆದರು. ಹಿಂದೆ ಗಂಡಸರು ದುಡ್ಡು ತುಂಬಿ ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದ ಉದ್ದದ ಬಟ್ಟೆ ಚೀಲ ಅದು.

"ನಮ್ಮ ಮಾವನ ಅಪ್ಪ ಅಡಿಕೆ ಮಾರಿ ಬಂದ ದಿನವೇ ಜ್ವರ ಹಿಡಿದು ಮಲಗಿದ್ರಂತೆ. ಮತ್ತೆ ಏಳ್ಲಿಲ್ಲ. ಸತ್ತವರ ಸೊಂಟದಿಂದ ಬಿಚ್ಚಿದ ದುಡ್ಡು ಖರ್ಚು ಮಾಡೋದು ಹೇಗೆ, ಪೂಜೆಗೆ ಇಡೋದು ಹೇಗೆ? ಹಾಗೇ ಪೆಟ್ಟಿಗೆಗೆ ಹಾಕಿದ್ರು. ನಾನು ಮದುವೆಯಾಗಿ ಬಂದ ಮೇಲೂ ಯಾರೂ ಮುಟ್ಟಿದ್ದಿಲ್ಲ" ಎಂದರು.

ಏಳು ನಾಣ್ಯಗಳನ್ನು ಬಟ್ಟೆಯ ಮೇಲೆ ಸುರಿದರು. ಮೊದಲ ನೋಟಕ್ಕೆ ನನಗೆ ನಗು ಬಂತು. ಒಂದೂ ಬೆಳ್ಳಗಿರಲಿಲ್ಲ. ಬೂದು, ಕಂದು, ಅಂಚಿಗೆ ಅಲ್ಲಲ್ಲಿ ನೀಲಿ. ಇದನ್ನು ನೋಡಲು ಇಲ್ಲಿಯವರೆಗೆ ಬಂದೆನೇ ಎಂದುಕೊಂಡೆ. ಅವುಗಳಲ್ಲಿ ಒಂದು 1918ರದು, ಅಜ್ಜಿಯ ನಾಣ್ಯದ ಜೊತೆಯಲ್ಲೇ ಹುಟ್ಟಿದ್ದು. ಅಂಚು ಹಿಡಿದು ಬಾಗಿಲ ಬೆಳಕಿಗೆ ಓರೆ ಮಾಡಿದೆ.

ಬೆಳಕು ತಿರುಗಿತು. ಆ ಬೂದು ಬಣ್ಣದ ಅಡಿಯಿಂದ ಎದ್ದು, ದೊರೆಯ ಮುಖದ ಸುತ್ತ ಚಕ್ರದ ಅರಗಳಂತೆ ಸುತ್ತು ಹಾಕಿತು. ನಾಣ್ಯ ತಿರುಗಿಸಿದಷ್ಟೂ ಅದೂ ತಿರುಗಿತು. ಟಂಕಸಾಲೆಯ ಅಚ್ಚು ಬಿದ್ದಾಗ ಲೋಹ ಹರಿದ ಗೆರೆಗಳ ಬೆಳಕು ಅದು. ಪುಸ್ತಕದಲ್ಲಿ ಓದಿದ್ದೆ, ನನ್ನ ಹನ್ನೊಂದು ನಾಣ್ಯಗಳಲ್ಲಿ ಅದು ಇದೆಯೆಂದೇ ನಂಬಿದ್ದೆ. ಅಜ್ಜಿಯ ರೂಪಾಯಿಯನ್ನು ಅದೇ ಬೆಳಕಿಗೆ ಹಿಡಿದೆ. ಹೊಳೆಯಿತು, ಸ್ಟೀಲ್ ತಟ್ಟೆಯಂತೆ ಎಲ್ಲ ಕಡೆಯೂ ಒಂದೇ ಸಮ. ಏನೂ ತಿರುಗಲಿಲ್ಲ. ಭೂತಗನ್ನಡಿ ಹಿಡಿದರೆ ದೊರೆಯ ಕೆನ್ನೆಯ ತುಂಬ ಕೂದಲಿನಂಥ ಸಾವಿರ ಗೀರು. ಆ ಗೀರುಗಳನ್ನು ನಾನು ಕಂಡಿರಲಿಲ್ಲವೆಂದಲ್ಲ. ಇಪ್ಪತ್ತು ವರ್ಷ ಅವನ್ನೇ ಹೊಳಪು ಎಂದುಕೊಂಡಿದ್ದೆ.

ನಾಗವೇಣಮ್ಮ ಎರಡನ್ನೂ ಬಗ್ಗಿ ನೋಡಿದರು. "ಇದೆಂತ, ನಿಮ್ಮದು ಒಗೆದ ಸೀರೆ ಹಾಗೆ ಕಾಣ್ತದೆ. ನಮ್ಮದು ಕೊಳೆ ಆದ್ರೂ ಗಂಜಿ ಬಿಟ್ಟಿಲ್ಲ. ಎಂತ ಹಾಕಿ ಉಜ್ಜಿದ್ದು?"

"ಯಾರೂ ಉಜ್ಜಿಲ್ಲ" ಎಂದು ಬಾಯಿ ತೆರೆದವಳು ಅಲ್ಲೇ ನಿಂತೆ.

ದೀಪಾವಳಿಯ ಲಕ್ಷ್ಮೀಪೂಜೆಯ ಹಿಂದಿನ ದಿನ ಅಜ್ಜಿ ಹಿತ್ತಲ ಕಲ್ಲಿನ ಮೇಲೆ ದೇವರ ಪಾತ್ರೆ, ದೀಪ, ಈ ರೂಪಾಯಿ ಎಲ್ಲವನ್ನೂ ಸುರಿಯುತ್ತಿದ್ದರು. ಹುಣಸೆಹುಳಿ, ಒಲೆಯ ಬೂದಿ, ತೆಂಗಿನ ನಾರು. ಪಾತ್ರೆ ಅಜ್ಜಿಯದು, ರೂಪಾಯಿ ನನ್ನದು. ಪೂಜೆಯಲ್ಲಿ ಮುಖ ಮೇಲೆ ಮಾಡಿ ಇಡುತ್ತಿದ್ದರಿಂದ ನಾನು ಆ ಮುಖವನ್ನೇ ಹಲ್ಲು ಕಚ್ಚಿ ಉಜ್ಜುತ್ತಿದ್ದೆ. ದೊರೆಯ ಮೂಗು ಮಿಂಚುವವರೆಗೂ ಬಿಡುತ್ತಿರಲಿಲ್ಲ. "ನಮ್ಮ ಕೂಸು ಉಜ್ಜಿದರೆ ಲಕ್ಷ್ಮಿಗೆ ಕಣ್ಣು ಕೋರೈಸಬೇಕು" ಎಂದು ಅಜ್ಜಿ ಎಲ್ಲರಿಗೂ ತೋರಿಸುತ್ತಿದ್ದರು. ಇದೆಲ್ಲ ನನಗೆ ಚೆನ್ನಾಗಿ ನೆನಪಿತ್ತು. ಆದರೆ ತೊಳೆಯುವುದೆಂದರೆ ವ್ಯಾಪಾರಿಗಳು ಆ್ಯಸಿಡ್ಡಿನಲ್ಲಿ ಅದ್ದುವುದು, ಪೂಜೆಗೆ ಉಜ್ಜುವುದು ತೊಳೆಯುವುದರ ಲೆಕ್ಕಕ್ಕೇ ಬರುವುದಿಲ್ಲ ಎಂದು ನನ್ನ ತಲೆಯಲ್ಲಿ ಕೂತಿತ್ತು.

"ಹುಣಸೆಹುಳಿ, ಬೂದಿ" ಎಂದೆ. "ಉಜ್ಜಿದ್ದು ನಾನೇ."

ನಾಗವೇಣಮ್ಮ ಬಾಯಿತುಂಬ ನಕ್ಕರು. "ಎಲ್ಲರ ಮನೆಯಲ್ಲೂ ಅದೇ ಮಾರಾಯ್ತಿ. ಇದೂ ಪೂಜೆಗೆ ಹೋಗಿದ್ರೆ ನಾನೂ ಉಜ್ಜಿಯೇ ಬಿಡ್ತಿದ್ದೆ" ಎಂದು, ಏನೋ ನೆನಪಾಗಿ ನಗು ನಿಲ್ಲಿಸಿದರು. "ಸಾಬರು ನಮ್ಮ ಗೋಡೆ ಗಡಿಯಾರ ರಿಪೇರಿಗೆ ಬಂದಿದ್ರು. ಇದನ್ನ ತೋರಿಸಿ, ಬೆಳ್ಳಿ ತೂಕಕ್ಕೆ ತಗೊಂಡು ಹೋಗಿ ಅಂದೆ. ಅವರು ಬೇಡ ಅಂದ್ರು. ಇದಕ್ಕೆ ಬೆಳ್ಳಿಗಿಂತ ಎಷ್ಟೋ ಪಟ್ಟು ಬೆಲೆ ಅಮ್ಮ, ತೊಳೀಬೇಡಿ, ಅವಸರಕ್ಕೆ ಮಾರಲೂ ಬೇಡಿ ಅಂದ್ರು. ನಾನು ಕೊಡ್ತೇನೆ ಅಂದದ್ದನ್ನ ಬೇಡ ಅಂದ ವ್ಯಾಪಾರಸ್ಥರು ಅವರೊಬ್ಬರೇ."

ಆಟೋದವನು ಹಾರ್ನ್ ಹೊಡೆಯುತ್ತಿದ್ದ. ನಾನು ಇನ್ನೊಂದು ಡಬ್ಬಿ ತೆಗೆದು, ಕೊಪ್ಪದ 1911ನ್ನು ಬಾಗಿಲ ಬೆಳಕಿಗೆ ಹಿಡಿದೆ. ಅದೂ ಸ್ಟೀಲ್ ತಟ್ಟೆ. ಗೀರುಗಳೂ ಇರಲಿಲ್ಲ, ಜೀವವೂ ಇರಲಿಲ್ಲ. ಯಾವುದೋ ದ್ರಾವಣದಲ್ಲಿ ಅದ್ದಿ ತೆಗೆದದ್ದು. ಅದು ಅಜ್ಜಿಯ ನಾಣ್ಯವನ್ನು ಅಷ್ಟು ಚೆನ್ನಾಗಿ ಯಾಕೆ ಹೋಲುತ್ತಿತ್ತೆಂದು ಈಗ ತಿಳಿಯಿತು. ಒಂದು ತೊಳೆದದ್ದನ್ನು ಇನ್ನೊಂದು ತೊಳೆದದ್ದರಿಂದ ಅಳೆದಿದ್ದೆ.

ಕೊಪ್ಪದ ಅಂಗಡಿ ಭಾನುವಾರ ಎರಡು ಗಂಟೆಗೆ ಮುಚ್ಚುತ್ತದೆಂದು ಹಿಂದಿನ ದಿನ ಬೋರ್ಡಿನಲ್ಲಿ ಓದಿದ್ದೆ. ಶೃಂಗೇರಿಯಲ್ಲಿ ಹನ್ನೊಂದೂವರೆಯ ಬಸ್ಸು ಹತ್ತಿದೆ. ಹರಿಹರಪುರದ ಹತ್ತಿರ ಅಡಿಕೆ ಮೂಟೆಯ ಲಾರಿಯೊಂದು ತಿರುವಿನಲ್ಲಿ ಕೆಟ್ಟು ನಿಂತು, ಮುಂದೆ ಹಿಂದೆ ಮುಕ್ಕಾಲು ಗಂಟೆ ಏನೂ ಅಲ್ಲಾಡಲಿಲ್ಲ. ಡ್ರೈವರು ಇಳಿದು ಬೀಡಿ ಹಚ್ಚಿದರು. ನಾನು ಇಳಿದು ಲಾರಿಯವರೆಗೆ ನಡೆದು ಹೋಗಿ, "ಎಷ್ಟು ಹೊತ್ತು?" ಎಂದು ಕೇಳಿ ಬಂದೆ. ಎರಡು ಸಲ. ಮೂರನೇ ಸಲ ಹೋಗುವಷ್ಟರಲ್ಲಿ ಲಾರಿ ಹೊರಟಿತು, ನನ್ನ ಕಾಟಕ್ಕೇ ಇರಬೇಕು.

ಒಂದೂ ಮುಕ್ಕಾಲಿಗೆ ಅಂಗಡಿ ತಲುಪಿದಾಗ ಶಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದೆ. ಯಜಮಾನರು ನಗುತ್ತಲೇ ಬರಮಾಡಿಕೊಂಡರು. ನಾಣ್ಯವನ್ನೂ ಬಿಲ್ಲನ್ನೂ ಮುಂದೆ ಇಟ್ಟು, "ಇದು ತೊಳೆದದ್ದು. ವಾಪಸ್ ತಗೊಳ್ಳಿ" ಎಂದೆ.

"ಮಾರಿದ ಮಾಲು ವಾಪಸ್ ಇಲ್ಲ ಮೇಡಂ. ನಿನ್ನೆ ನೀವೇ ನೋಡಿ, ತೂಗಿ, ತಗೊಂಡದ್ದಲ್ವಾ?"

"ನೋಡಿದ್ದು ನನ್ನ ತಪ್ಪು. ಬರೆದದ್ದು ನಿಮ್ಮದು. ತೊಳೆದಿಲ್ಲ ಅಂತ ಬರೆದಿದ್ದೀರಿ."

"ಸ್ವಲ್ಪ ಕ್ಲೀನ್ ಮಾಡಿದ್ರೆ ಅದು ತೊಳೆದದ್ದು ಹೇಗಾಗ್ತದೆ?" ಎಂದರು ಅವರು. ಹಿಂದಿನ ದಿನ ನಾನು ಯೂಸುಫ್ ಸಾಬರ ಮುಂದೆ ಆಡಿದ ವಾದದ ಅಣ್ಣನಂತಿತ್ತು ಅದು. ಕೇಳಿ ನನಗೆ ಕೋಪ ಬರುವ ಬದಲು ಗಟ್ಟಿತನ ಬಂತು.

ಗಿರಾಕಿಗಳ ಸ್ಟೂಲಿನ ಮೇಲೆ ಕೂತೆ. "ನನಗೆ ಅವಸರವಿಲ್ಲ. ಬಸ್ಸು ಮೂರಕ್ಕೂ ಇದೆ, ಆರಕ್ಕೂ ಇದೆ" ಎಂದೆ. ಅವರು ಶಟರ್ ಇಳಿಸಬೇಕೆಂದರೆ ನಾನು ಒಳಗೆ. ಎರಡು ಗಂಟೆಯಾಯಿತು, ಎರಡೂವರೆಯಾಯಿತು. ಅಷ್ಟರಲ್ಲಿ ಗಂಡ ಹೆಂಡತಿ ಇಬ್ಬರು ಶಟರ್ ಕೆಳಗಿಂದ ಬಗ್ಗಿ ಬಂದು, ಮಗುವಿನ ಕಾಲುಗೆಜ್ಜೆ ಕೇಳಿದರು. ಹೆಂಡತಿ ನನ್ನ ಕೈಯಲ್ಲಿದ್ದ ಭೂತಗನ್ನಡಿ ನೋಡಿ, "ಇದ್ರಲ್ಲಿ ಎಂತ ನೋಡ್ತೀರಿ?" ಎಂದು ಕೇಳಿದಳು.

"ಬರೆದದ್ದಕ್ಕೂ ಇರುವುದಕ್ಕೂ ಎಷ್ಟು ವ್ಯತ್ಯಾಸ ಅಂತ. ಬನ್ನಿ, ತೋರಿಸುತ್ತೇನೆ" ಎಂದು ಬಿಲ್ಲನ್ನೂ ನಾಣ್ಯವನ್ನೂ ಅವಳ ಕಡೆ ಸರಿಸಿದೆ.

ಯಜಮಾನರ ನಗು ಅಲ್ಲಿಗೆ ನಿಂತಿತು. ಫೋನ್ ತೆಗೆದು ಹಣವನ್ನು ಪೂರ್ತಿ ಹಿಂದಕ್ಕೆ ಕಳಿಸಿದರು. ನಾನು ಬಿಲ್ಲು ಹಿಂದಿರುಗಿಸಿದೆ. "ನಿಮ್ಮಂಥವರು ಬಂದ್ರೆ ವ್ಯಾಪಾರ ಮಾಡೋದು ಹೇಗೆ ಮಾರಾಯ್ರೆ?" ಎಂದು ಗೊಣಗಿದರು. ಅದು ಕೇಳಬೇಕಾದ ಪ್ರಶ್ನೆಯೇ. ಉತ್ತರ ಗೊತ್ತಿದ್ದವರ ಅಂಗಡಿಗೆ ನಾನು ಹೊರಟಿದ್ದೆ.

ಎನ್.ಆರ್.ಪುರ ತಲುಪಿದಾಗ ನಾಲ್ಕೂವರೆ. ಯೂಸುಫ್ ಸಾಬರು ಅದೇ ಬಲ್ಬಿನ ಕೆಳಗೆ, ಅದೇ ಗಾಜು ಕಣ್ಣಿಗೆ ಸಿಕ್ಕಿಸಿ ಕೂತಿದ್ದರು. ಭಾಷಣ ತಯಾರು ಮಾಡಿಕೊಂಡಿದ್ದೆ, ಬಾಯಿಗೆ ಬಂದದ್ದು ಇಷ್ಟೇ: "ನೀವು ಹೇಳಿದ್ದು ನಿಜ. ನಾನು ಸಿಟ್ಟು ಮಾಡಿಕೊಂಡು ಹೋದೆ, ತಪ್ಪಾಯಿತು."

"ಸಿಟ್ಟು ಎಲ್ಲರಿಗೂ ಬರ್ತದೆ ಮೇಡಂ. ಮನೆ ನಾಣ್ಯಕ್ಕೆ ಹಾಗೆ ಅಂದ್ರೆ ನನಗೂ ಬರ್ತದೆ" ಎಂದು ಸ್ಟೂಲು ಸರಿಸಿದರು. ಕೊಪ್ಪದ ಕಥೆ ಹೇಳಿದೆ. ಅವರು ಆ ಅಂಗಡಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಜ್ಜಿಯ ರೂಪಾಯಿಯನ್ನು ಮತ್ತೆ ಕೈಗೆ ತೆಗೆದುಕೊಂಡು, "ಮುಖದ ಕಡೆ ಇಷ್ಟು ಜೋರಾಗಿ ಉಜ್ಜಿ, ಹಿಂದೆ ಸುಮಾರಾಗಿ ಬಿಟ್ಟಿದ್ದಾರೆ. ಅದು ಯಾಕೆ ಅಂತಲೇ ಗೊತ್ತಾಗ್ಲಿಲ್ಲ ನನಗೆ" ಎಂದರು.

"ಪೂಜೆಯಲ್ಲಿ ಮುಖ ಮೇಲೆ ಇಡುತ್ತಿದ್ದೆವು. ಉಜ್ಜುತ್ತಿದ್ದದ್ದು ನಾನು, ಎಂಟು ವರ್ಷದವಳು."

ಅವರು ತಲೆಯಾಡಿಸಿ, ಒಂದು ಖಾಲಿ ಲಕೋಟೆ ತೆಗೆದು, ಇರುವೆ ಸಾಲಿನಲ್ಲಿ ಬರೆದರು: 1918. ಸವೆತ ಕಡಿಮೆ. ಮುಂದೆ 11 ಗಂಟೆಗೆ ಪೆಟ್ಟು. ಹಿಂದೆ 4 ಗಂಟೆಗೆ ಚುಕ್ಕೆ. ತೊಳೆದದ್ದು. ಒಂದು ಕ್ಷಣ ತಡೆದು, ಪೆನ್ನನ್ನು ನನ್ನ ಕೈಗೆ ಕೊಟ್ಟರು. "ತೊಳೆದವರು ಯಾರು ಅಂತ ನೀವೇ ಬರೀರಿ. ಇಂಥ ವಿವರ ನಮಗೆ ಸಿಗೋದೇ ಇಲ್ಲ." ನನ್ನ ಹೆಸರು ಬರೆದೆ. ಅಕ್ಷರ ಸ್ವಲ್ಪ ಕಲಸಿಹೋಯಿತು, ಕಣ್ಣು ತುಂಬಿ ಬಂದಿತ್ತು.

ಆಮೇಲೆ ಅವರ 1911 ಕೇಳಿದೆ. ಅವರು ಅದನ್ನು ತೋರಿಸುವ ಮೊದಲು ಲಕೋಟೆಯನ್ನು ಓದಿದರು. ಸಾಧಾರಣ. 12 ಗಂಟೆಗೆ ಕೊಂಡಿ ತೆಗೆದ ಗುರುತು. 3 ಗಂಟೆಗೆ ಅಂಚು ಸವೆದಿದೆ. ಹಿಂದೆ 7 ಗಂಟೆಗೆ, ಹೂವಿನ ಕೆಳಗೆ, ಕೂದಲೆಳೆಯ ಗೀರು. ತೊಳೆದಿಲ್ಲ. ನಾಣ್ಯ ಬೂದು ಬಣ್ಣಕ್ಕೆ ತಿರುಗಿತ್ತು. ಅದಕ್ಕೆ ಹೇಳಿದ ಬೆಲೆ ಕೊಪ್ಪದ ಬೆಲೆಯ ಕಾಲುಭಾಗವೂ ಇರಲಿಲ್ಲ.

"ಹಂದಿ ಎಲ್ಲಿ?" ಎಂದೆ, ಅವರಿಗೆ ಬೇಜಾರಾದೀತೇ ಎಂದು ಆಮೇಲೆ ಹೊಳೆಯಿತು.

ಅವರು ನಕ್ಕು, ತಮ್ಮ ಕಣ್ಣಿನ ಗಾಜನ್ನೇ ಬಿಚ್ಚಿ ಕೊಟ್ಟರು. "ಸರಿಯಾಗಿ ನೋಡಿ. ಸೊಂಡಿಲು ಸ್ವಲ್ಪ ಗಿಡ್ಡ, ಅಷ್ಟೇ. ಇದ್ದದ್ದು ಯಾವಾಗ್ಲೂ ಆನೆಯೇ."

ಏಳು ಗಂಟೆಯ ಗೀರು ಹುಡುಕಿದೆ, ಅವರ ಗಾಜಿನಲ್ಲೂ ಕಾಣಲಿಲ್ಲ. "ಇಲ್ಲವಲ್ಲ ಇಲ್ಲಿ" ಎಂದೆ.

"ಇದೆ. ನನಗೆ ಕಂಡದ್ದೇ ಮೂರನೇ ದಿನ" ಎಂದರು.

ಕೊಂಡಿಯ ಗುರುತಿದ್ದ ನಾಣ್ಯ ಬೇಡವೆಂದೇ ಇಷ್ಟು ವರ್ಷ ಹಟ ಹಿಡಿದಿದ್ದವಳು ಅದನ್ನೇ ಕೊಂಡೆ. ಐದೂವರೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಉಂಬ್ಳೇಬೈಲಿನವರೆಗೂ ಭೂತಗನ್ನಡಿ ಹಿಡಿದು ಆ ಗೀರು ಹುಡುಕಿದೆ. ಪಕ್ಕದವರು, ನನ್ನ ಕೈಯಲ್ಲಿರುವುದು ತಾಯಿತವೇ ಎಂದು ಕೇಳಿದರು. ಕತ್ತಲಾದ ಮೇಲೆ ಲಕೋಟೆಗೆ ಹಾಕಿದೆ. ಮನೆಯಲ್ಲಿ ಟ್ಯೂಬ್‌ಲೈಟಿನ ಕೆಳಗೂ ಕಾಣಲಿಲ್ಲ. ಮನೆಯವರು ನೋಡಿ, "ಏನೂ ಇಲ್ಲ. ನಿನ್ನ ಸಾಬರು ಒಂದು ಜಾಸ್ತಿಯೇ ಬರೆದಿದ್ದಾರೆ" ಎಂದರು.

ಸೋಮವಾರ ಬೆಳಗ್ಗೆ ಯಾರೂ ಬರುವ ಮುಂಚೆ ಪ್ರಯೋಗಾಲಯದ ಬೀಗ ತೆಗೆದೆ. ರಕ್ತದ ಗಾಜುಪಟ್ಟಿ ಇಡುವ ಜಾಗದಲ್ಲಿ ರೂಪಾಯಿ ಇಟ್ಟು, ಪಕ್ಕದಿಂದ ಮೇಜಿನ ದೀಪದ ಬೆಳಕು ಬಿಟ್ಟು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಆರು ಗಂಟೆಯಿಂದ ಶುರುಮಾಡಿ ನಿಧಾನವಾಗಿ ಸರಿಸಿದೆ. ಏಳಕ್ಕೆ ಬಂದೆ. ಹೂವಿನ ದಳದ ಕೆಳಗೆ, ಬೂದು ಬಣ್ಣದ ಒಳಗೆ ಹುದುಗಿ, ಕೂದಲಿಗಿಂತ ತೆಳ್ಳಗಿನ ಒಂದು ಗೆರೆ.

ಇತ್ತು. ನಾನು ಈ ಜನ್ಮದಲ್ಲಿ ಹುಡುಕಲಾರದಿದ್ದ ದೋಷವನ್ನು ಮಾರುವವರೇ ಹುಡುಕಿ, ಬರೆದು, ಅದಕ್ಕೂ ಬೆಲೆ ಇಳಿಸಿ ಕೊಟ್ಟಿದ್ದರು. ಖಾಲಿ ಕೋಣೆಯಲ್ಲಿ ನಾನು ಜೋರಾಗಿ ನಕ್ಕೆ. ಆ ಗೀರಿನಷ್ಟು ಚೆಂದದ ವಸ್ತುವನ್ನು ನಾನು ಆ ಸೂಕ್ಷ್ಮದರ್ಶಕದಲ್ಲಿ ಅದುವರೆಗೆ ನೋಡಿರಲಿಲ್ಲ.